ಹಲ್ಲು ಕಡಿಯುವ ನಲವತ್ತು ಜನ ಬೇಕಾಗಿದ್ದಾರೆ

ಹಲ್ಲಿನ ಡಾಕ್ಟರು ಹಲ್ಲು ಕೀಳುವುದನ್ನಷ್ಟೇ ಮಾಡಿಕೊಂಡಿದ್ದರೆ ಅವರ ಬದುಕಿನಲ್ಲಿ ನಗುವಂಥದ್ದು ಹೆಚ್ಚೇನೂ ನಡೆಯುವುದಿಲ್ಲ. ಎದುರಿಗೆ ಕೂತವರ ಬಾಯಿ ತೆರೆದಿರುತ್ತದೆ, ಅದರೊಳಗೆ ನಮ್ಮ ಕೈ ಇರುತ್ತದೆ, ಮಾತಿಗೆ ಜಾಗವೇ ಇರುವುದಿಲ್ಲ. ನಾನು ಸಂಶೋಧನೆ ಅಂತ ಹೊರಟು ಆ ಬಾಯಿಗಳಿಂದ ಕೈ ತೆಗೆದು ಮಾತಾಡಿಸಲು ಶುರುಮಾಡಿದೆ ನೋಡಿ, ಅವತ್ತಿನಿಂದ ವಾರಕ್ಕೊಂದು ಪ್ರಸಂಗ ತಪ್ಪಿದ್ದಿಲ್ಲ.

ನನ್ನ ವಿಷಯ, ನಿದ್ದೆಯಲ್ಲಿ ಹಲ್ಲು ಕಡಿಯುವುದು ಮತ್ತು ಅದರಿಂದ ದವಡೆಗೆ ಆಗುವ ತೊಂದರೆ. ಕೆಲವರು ಮಲಗಿದ ಮೇಲೆ ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಕರಕರ ಅಂತ ಉಜ್ಜುತ್ತಾರೆ. ಬೆಳಗ್ಗೆ ಎದ್ದರೆ ದವಡೆ ನೋವು, ಬಾಯಿ ತೆರೆದರೆ ಕಿವಿಯ ಹತ್ತಿರ ಕಟ್ ಅಂತ ಸದ್ದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಕಡೆಯಿಂದ ಇಂಥವರು ನಲವತ್ತು ಜನ ನನಗೆ ಬೇಕಾಗಿತ್ತು. ಒಬ್ಬೊಬ್ಬರ ದಿಂಬಿನ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ರೆಕಾರ್ಡರನ್ನು ಮೂರು ರಾತ್ರಿ ಇಡಬೇಕು, ಹಲ್ಲು ನೋಡಬೇಕು, ಫಾರಂ ತುಂಬಿಸಬೇಕು. ನನ್ನ ಗೈಡ್ ಮೇಡಂ ಬೆಂಗಳೂರಿನ ಕಾಲೇಜಿನವರು, ಕಟ್ಟುನಿಟ್ಟಿನ ಹೆಂಗಸು. "ಮಾರ್ಚ್ ಮುಗಿಯೋದರೊಳಗೆ ನಲವತ್ತು. ಮೂವತ್ತೊಂಬತ್ತು ತಂದರೂ ನಾನು ಸಹಿ ಹಾಕಲ್ಲ, ಇನ್ನೊಂದು ವರ್ಷ ಓದು," ಅಂದಿದ್ದರು.

ನಾನಾಗಲೇ ಓದಿ ಓದಿ ಸಾಕಾದವಳು. ಮಾಗಡಿಯಲ್ಲಿರುವ ನಮ್ಮಮ್ಮ ಅಂತೂ, "ನೀನು ಓದಿ ಮುಗಿಸೋ ಹೊತ್ತಿಗೆ ಅವರ ಹಲ್ಲೆಲ್ಲ ಉದುರಿರುತ್ತೆ, ಆಮೇಲೆ ಏನನ್ನ ಕಡೀತಾರೆ?" ಅಂತ ದಿನಾ ಕೇಳುತ್ತಿದ್ದರು. ಇನ್ನೊಂದು ವರ್ಷ ಆ ಪ್ರಶ್ನೆ ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ. ಹೇಗಾದರೂ ಮಾಡಿ ನಲವತ್ತು ಜನರನ್ನು ಹುಡುಕಲೇಬೇಕಿತ್ತು.

ಪಕ್ಕದ ಮನೆಯವರು

ಮೊದಲು ಹೋದದ್ದು ಕನಕಪುರದ ಹತ್ತಿರದ ಒಂದು ಹಳ್ಳಿಗೆ. ಜೊತೆಗೆ ಅಲ್ಲಿನ ಆಶಾ ಕಾರ್ಯಕರ್ತೆ ಅಕ್ಕ. ಅರಳಿಕಟ್ಟೆಯ ಮೇಲೆ ಏಳೆಂಟು ಜನ ಕೂತಿದ್ದರು. ಒಬ್ಬರನ್ನು ಕೇಳಿದೆ, "ಅಣ್ಣ, ನೀವು ನಿದ್ದೆಯಲ್ಲಿ ಹಲ್ಲು ಕಡೀತೀರಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿದ್ದೆ ಮಾಡೋವಾಗ ನಾನೆಲ್ಲವ್ವ ಎದ್ದಿರ್ತೀನಿ, ನೋಡ್ಕಳಕ್ಕೆ?"

ಮಾತು ಸರಿಯೇ. ಕಾಲೇಜಿನಲ್ಲಿ ಆರು ತಿಂಗಳು ಕೂತು ತಯಾರಿಸಿದ ಪ್ರಶ್ನೆ ಕಟ್ಟೆಯ ಮೇಲೆ ಅರ್ಧ ನಿಮಿಷದಲ್ಲಿ ಬಿದ್ದುಹೋಯಿತು. ಉಳಿದವರೂ ಒಬ್ಬೊಬ್ಬರಾಗಿ, ಇಲ್ಲ, ನಮ್ಮ ವಂಶದಲ್ಲೇ ಇಲ್ಲ, ಅಂದರು. ಆಶಾ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಹಂಗೆ ಕೇಳಿದ್ರೆ ಯಾರ್ ಒಪ್ತಾರೆ? ನಾನ್ ಕೇಳ್ತೀನಿ ಇರಿ," ಅಂತ ಕಟ್ಟೆಯ ಕಡೆ ತಿರುಗಿ, "ನಮ್ಮೂರಲ್ಲಿ ಯಾರ್ಯಾರು ಹಲ್ಲು ಕಡೀತಾರೆ, ಒಸಿ ಯೋಳ್ರಪ್ಪ," ಅಂದರು.

ಒಂದು ಗಂಟೆಯಲ್ಲಿ ಹದಿನೇಳು ಹೆಸರು ಬಂತು. ಯಾವ ಮನೆ, ಎಷ್ಟು ವರ್ಷದಿಂದ, ಗೋಡೆಯಾಚೆ ಎಷ್ಟು ಜೋರಾಗಿ ಕೇಳುತ್ತೆ, ಎಲ್ಲ ವಿವರವೂ ಸಿಕ್ಕಿತು. ಎಲ್ಲವೂ ಪಕ್ಕದ ಮನೆಯವರ ಹೆಸರು. ಆ ಪಕ್ಕದ ಮನೆಗೆ ಹೋದರೆ ಅವರು ಈ ಮನೆಯವರ ಹೆಸರು ಹೇಳುತ್ತಿದ್ದರು. ಸಂಜೆಯ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಒಂದು ಬೀದಿ ಪೂರ್ತಿ ಇತ್ತು, ಒಪ್ಪಿಕೊಂಡವರು ಮಾತ್ರ ಒಬ್ಬರೂ ಇರಲಿಲ್ಲ.

ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. "ನಮ್ ಮನೇಲಿ ಆ ಥರದ್ದೆಲ್ಲ ಇಲ್ಲ ಕಣವ್ವ. ಸೊಸೆ ಒಬ್ಬಳಿಗೈತೆ. ಆದ್ರೆ ಅವಳು ಬ್ಯಾರೆ ಊರೋಳು," ಅಂದರು.

"ಮದುವೆಯಾಗಿ ಎಷ್ಟು ವರ್ಷ ಆಯ್ತಜ್ಜಿ?"

"ಈ ಯುಗಾದಿಗೆ ಇಪ್ಪತ್ತೆರಡು."

ಆ ಸೊಸೆಯೇ ನನ್ನ ಪಟ್ಟಿಯ ಒಂದನೇ ನಂಬರು. ಊರು ಎಂಬ ಕಡೆ ಅಜ್ಜಿ ತವರೂರಿನ ಹೆಸರನ್ನೇ ಬರೆಸಿದರು.

ಇಪ್ಪತ್ತು ಸಲ ಅಗಿಯಿರಿ

ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಊಟವನ್ನು ಅಗಿಯುವಾಗ ದವಡೆ ನೋಯುತ್ತದೆಯೇ? ಮುಂದಿನ ವಾರಗಳಲ್ಲಿ ಕನಕಪುರದ ಕಡೆ ಒಪ್ಪಿಕೊಂಡ ಹನ್ನೊಂದು ಜನರನ್ನು ಕೇಳಿದ್ದೆ, ಹನ್ನೊಂದು ಜನವೂ ಇಲ್ಲ ಅಂದಿದ್ದರು. ಅವರ ದವಡೆಗೆ ಬೆರಳಿಟ್ಟು ನೋಡಿದರೆ ಕಟಕಟ ಅನ್ನುತ್ತಿತ್ತು. ಒತ್ತಿದರೆ ಅಯ್ಯಪ್ಪ ಅನ್ನುತ್ತಿದ್ದರು. ಊಟಕ್ಕೆ ಮಾತ್ರ ನೋವಿಲ್ಲ.

ಗೈಡ್ ಮೇಡಂ ಫಾರಂಗಳನ್ನು ತಿರುವಿ ಹಾಕಿ, "ನಿನ್ನ ಕನಕಪುರದವರ ದವಡೆಯೇ ಬೇರೆ ಥರ ಇದೆಯಲ್ಲ, ಕೇಳಿದ್ದು ಸರಿಯಾಗಿದೆಯಾ?" ಅಂದರು. ನಾನು ಮತ್ತೆ ಹೋಗಿ ಒಬ್ಬ ತಾತನನ್ನು ಕೂರಿಸಿಕೊಂಡು ಬಿಡಿಸಿ ಕೇಳಿದೆ. "ತಾತ, ದವಡೆ ನೋವಿದೆ ಅಂತೀರಿ. ಮಧ್ಯಾಹ್ನ ಏನು ಊಟ ಮಾಡಿದ್ರಿ?"

"ಮುದ್ದೆ, ಉಪ್ಸಾರು."

"ಅದನ್ನ ಅಗಿಯೋವಾಗ ನೋಯಲ್ವಾ?"

ತಾತ ಹೆಂಡತಿಯ ಮುಖ ನೋಡಿದರು. ಹೆಂಡತಿ ನನ್ನ ಮುಖ ನೋಡಿದರು. "ಮುದ್ದೆ ಯಾರವ್ವ ಅಗೀತಾರೆ?" ಅಂದರು ತಾತ. ಅವರ ದನಿಯಲ್ಲಿ ನನ್ನ ಓದಿನ ಬಗ್ಗೆ ಮರುಕವಿತ್ತು.

ನನಗೆ ನಾಚಿಕೆಯಾಯಿತು. ನಾನೂ ಮುದ್ದೆ ನುಂಗಿಯೇ ಬೆಳೆದವಳು. ಅಗಿದರೆ ಅಮ್ಮ ತಲೆಗೆ ಮೊಟಕುತ್ತಿದ್ದರು. ಕಾಲೇಜಿನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದ ತಕ್ಷಣ ಅದೆಲ್ಲ ಮರೆತುಹೋಗಿತ್ತು. ವಿಷಯವನ್ನು ಫೋನಿನಲ್ಲಿ ಮೇಡಂಗೆ ಹೇಳಿದೆ. ಅವರು, "ಹಾಗಾದರೆ ಪ್ರಶ್ನೆ ಬಿಡು, ಚೂಯಿಂಗ್ ಗಮ್ ಪರೀಕ್ಷೆ ಮಾಡಿಬಿಡು," ಅಂದರು.

ಆ ಪರೀಕ್ಷೆ ಬಹಳ ಸುಲಭ. ಒಂದು ಕಡೆ ನೀಲಿ, ಒಂದು ಕಡೆ ಬಿಳಿ ಇರುವ ಗಮ್ ಕೊಟ್ಟು, ಇಪ್ಪತ್ತು ಸಲ ಅಗಿಸಿ, ಉಗಿಸಿ ನೋಡಬೇಕು. ಬಣ್ಣ ಎಷ್ಟು ಚೆನ್ನಾಗಿ ಬೆರೆತಿದೆಯೋ ದವಡೆಗೆ ಅಷ್ಟು ಬಲ ಇದೆ ಅಂತ ಅರ್ಥ. ತಾತನಿಗೆ ಎಲ್ಲ ವಿವರಿಸಿ ಗಮ್ ಕೊಟ್ಟೆ. ನಾನು ಎಣಿಸಲು ನಿಂತೆ, ತಾತ ಶ್ರದ್ಧೆಯಿಂದ ದವಡೆ ಆಡಿಸಿದರು. ಆಶಾ ಅಕ್ಕ ಪ್ಲಾಸ್ಟಿಕ್ ಕವರು ಬಿಚ್ಚಿ ಹಿಡಿದರು.

"ಇಪ್ಪತ್ತು. ಈಗ ಉಗೀರಿ ತಾತ."

"ಏನ್ ಉಗೀಲಿ?"

"ಬಾಯಲ್ಲಿರೋದನ್ನ."

"ಬಾಯಲ್ಲಿ ಏನೈತೆ? ನೀನು ಐದು ಅನ್ನೋವಾಗ್ಲೇ ನುಂಗ್ಬುಟ್ನಲ್ಲ. ಅಲ್ಲಿಂದ ಈಚೆಗೆ ಸುಮ್ನೆ ನಿನ್ ಮಾತಿಗೆ ಮರ್ಯಾದೆ ಕೊಟ್ಟು ಆಡಿಸ್ತಿದ್ದೆ." ತಾತ ಗಂಟಲು ನೀವಿಕೊಂಡರು. "ಒಳ್ಳೇದೇ ಕಣವ್ವ, ಆದ್ರೆ ಸಾರಿಲ್ದೆ ಒಸಿ ಕಷ್ಟ ಆಯ್ತು."

ಡಬ್ಬಿಗೆ ಸರಿಯಾಗಿ ಕೂರುತ್ತೆ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಒಬ್ಬ ಯಜಮಾನರು ಸಿಕ್ಕಿದರು. ಲೇತಿನ ಮುಂದೆ ಕೂತು ಮೂವತ್ತು ವರ್ಷದಿಂದ ಮರ ತಿರುಗಿಸುತ್ತಿದ್ದವರು. ಅರಗಿನ ಬಣ್ಣ ಹಚ್ಚಿ ತಾಳೆಗರಿಯಲ್ಲಿ ಉಜ್ಜಿದರೆಂದರೆ ಬೊಂಬೆಯ ಮೇಲೆ ನಮ್ಮ ಮುಖ ಕಾಣಬೇಕು, ಅಂಥ ಕೈ. ಕೆಲಸ ಮಾಡುವಾಗ ಹಲ್ಲು ಬಿಗಿಹಿಡಿದು ಹಿಡಿದು ರಾತ್ರಿಯೂ ಅದೇ ಅಭ್ಯಾಸವಾಗಿತ್ತು. ಹಲ್ಲು ಅರ್ಧ ಸವೆದಿತ್ತು.

ರೆಕಾರ್ಡಿಂಗ್ ಮುಗಿದ ಮೇಲೆ ಅವರಿಗೊಂದು ನೈಟ್ ಗಾರ್ಡ್ ಮಾಡಿಸಿ ಕೊಟ್ಟೆ. ಅಂದರೆ ರಾತ್ರಿ ಹಲ್ಲಿನ ಮೇಲೆ ಹಾಕಿಕೊಳ್ಳುವ ತೆಳ್ಳಗಿನ ಪ್ಲಾಸ್ಟಿಕ್ ಕವಚ, ಕುದುರೆ ಲಾಳದ ಆಕಾರದ್ದು. ಅವರದೇ ಹಲ್ಲಿನ ಅಚ್ಚು ತೆಗೆದು ಮಾಡಿದ್ದು. ಯಜಮಾನರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಕೆಲಸ ಪರವಾಗಿಲ್ಲ ಮೇಡಂ. ಫಿನಿಶಿಂಗ್ ಒಂಚೂರು ಸಾಲದು," ಅಂದರು. "ಇದನ್ನ ಎಲ್ಲಿ ಮಡಗೋದು?"

"ಯಾವುದಾದರೂ ಡಬ್ಬಿಯಲ್ಲಿಡಿ," ಅಂದೆ. ಆ ಮಾತನ್ನು ನಾನು ಆಡಬಾರದಿತ್ತು.

ತಿಂಗಳು ಬಿಟ್ಟು ಹೋದಾಗ ಯಜಮಾನರು ನನ್ನ ಕೈಗೊಂದು ಡಬ್ಬಿ ಇಟ್ಟರು. ಬೊಂಬೆಗೆ ಬಳಸುವ ಆಲೆ ಮರದ್ದು, ದುಂಡಗೆ, ಕೆಂಪು, ನಡುವೆ ಹಳದಿ ಗೆರೆ. ಮುಚ್ಚಳ ಹಾಕಿದರೆ ಎಲ್ಲಿ ಸೇರಿದೆ ಅಂತ ಉಗುರಿಗೂ ಸಿಗುತ್ತಿರಲಿಲ್ಲ. ಅಷ್ಟು ಚೆಂದದ ಡಬ್ಬಿ ನಾನು ಅಂಗಡಿಯಲ್ಲೂ ನೋಡಿರಲಿಲ್ಲ. ತೆರೆದರೆ ಒಳಗೆ ನೈಟ್ ಗಾರ್ಡ್ ಅಲುಗಾಡದೆ ಕೂತಿತ್ತು.

"ಎಷ್ಟು ಸರಿಯಾಗಿ ಕೂತಿದೆ," ಅಂದೆ.

"ಕೂರಲ್ವಾ ಮತ್ತೆ," ಅಂತ ಯಜಮಾನರು ಹಿಗ್ಗಿದರು. "ಆಲೆ ಮರದ ತುಂಡು ಒಸಿ ಚಿಕ್ಕದಾಗಿಬುಡ್ತು ಮೇಡಂ. ನಿಮ್ ಸಾಮಾನಿನ ಎರಡು ತುದಿ ತಗಲ್ತಿತ್ತು. ಎರಡು ಕಡೆನೂ ಸಮ ನೋಡಿ ಕತ್ತರಿಸಿದೆ. ಆಮೇಲೆ ಹಂಗೇ ಉಜ್ಜಿ ನೈಸ್ ಮಾಡಿದೆ."

ಆ ಎರಡು ತುದಿಗಳೇ ಕಡೆಯ ದವಡೆ ಹಲ್ಲುಗಳನ್ನು ಮುಚ್ಚುವ ಭಾಗ. ಇಡೀ ಗಾರ್ಡಿನ ಕೆಲಸ ಇರುವುದೇ ಅಲ್ಲಿ.

"ಈಗ ಹಲ್ಲಿಗೆ ಕೂರುತ್ತಾ ಯಜಮಾನ್ರೇ?"

"ಹಲ್ಲಿಗೆ ಕೂರಲ್ಲ. ಡಬ್ಬಿಗೆ ಕೂರುತ್ತೆ," ಅಂದರು. ಅವರ ಮುಖದಲ್ಲಿ ಎಳ್ಳಷ್ಟೂ ಬೇಸರವಿರಲಿಲ್ಲ. "ನೀವು ಇನ್ನೊಂದು ಮಾಡಿಸೋವಾಗ ಡಬ್ಬಿ ತಕ್ಕೊಂಡೋಗಿ, ಅದರ ಅಳತೆಗೇ ಮಾಡ್ಸಿ."

ಬಾಯಿಗೆ ರಜೆ

ಮಾಗಡಿ ಕಡೆ ಓಡಾಡುವ ಒಂದು ಖಾಸಗಿ ಬಸ್ಸಿನ ಕಂಡಕ್ಟರು ದವಡೆ ಹಿಡಿದುಕೊಂಡು ಬಂದರು. ದಿನವಿಡೀ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗುವುದು ಅವರ ಕೆಲಸ. ಬಾಯಿ ತೆರೆದಾಗೆಲ್ಲ ಎರಡೂ ಕಿವಿಯ ಮುಂದೆ ಕಟ್ ಕಟ್. ರಾತ್ರಿ ಹಲ್ಲೂ ಕಡಿಯುತ್ತಿದ್ದರು. "ಹದಿನೈದು ದಿನ ಕೂಗಬಾರದು. ಬಾಯಿ ದೊಡ್ಡದಾಗಿ ತೆಗೀಲೇಬಾರದು," ಅಂತ ಕಟ್ಟುನಿಟ್ಟಾಗಿ ಹೇಳಿ ಕಳಿಸಿದೆ. ಪುಣ್ಯಾತ್ಮರು, ಹೇಳಿದ ಮಾತನ್ನು ಹಾಗೇ ಕೇಳಿದರು.

ಮೊದಲ ದಿನ ಅವರು ಬಾಗಿಲಲ್ಲಿ ಸುಮ್ಮನೆ ನಿಂತರು. ರಾಮನಗರಕ್ಕೆ ಹೋಗಬೇಕಾದವರು ಇದು ಯಾವ ಬಸ್ಸೋ ಅಂತ ನೋಡುತ್ತ ನಿಂತೇ ಇದ್ದರು, ಬಸ್ಸು ಹೊರಟುಹೋಯಿತು. ಮುಂದಿನ ಸೀಟಿನಲ್ಲಿ ದಿನಾ ಮೊಸರಿನ ಕ್ಯಾನು ತರುವ ಒಬ್ಬ ಅಜ್ಜಿ ಕೂರುತ್ತಿದ್ದರು. ಅವರಿಗೆ ತಡೆಯಲಾಗಲಿಲ್ಲ. "ಯಾಕಪ್ಪ ಮೂಗನಂಗೆ ನಿಂತಿದ್ದೀಯ, ಕೂಗಬಾರ್ದಾ?" ಅಂದರು. ಕಂಡಕ್ಟರು ದವಡೆ ತೋರಿಸಿ, ಕೈಯಲ್ಲೇ ಆಗಲ್ಲ ಅಂದರು. "ಅಯ್ಯೋ ಪಾಪ, ಬುಡು, ನಾನಿವ್ನಿ," ಅಂತ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

ಅಜ್ಜಿಯ ಗಂಟಲು ಸಣ್ಣದಲ್ಲ. ನಲವತ್ತು ವರ್ಷ ಬೀದಿ ಬೀದಿಯಲ್ಲಿ ಮೊಸರು ಕೂಗಿದ ಗಂಟಲು. ಮೂರನೇ ದಿನಕ್ಕೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಿಲ್ಲಿಸಬಾರದು ಅನ್ನುವುದನ್ನೂ ಅವರೇ ಹೇಳತೊಡಗಿದರು. "ಒಳೀಕ್ ನಡೀರಿ, ಇನ್ನೂ ನಾಲ್ಕ್ ಜನ ಹಿಡೀತದೆ," ಅಂತ ಜನರನ್ನು ತಳ್ಳಿದರು. ಡ್ರೈವರು ವಿಷಲ್ ಕೇಳಿ ಹೊರಡುವುದನ್ನು ಬಿಟ್ಟು ಅವರ ಮಾತಿಗೆ ಹೊರಡಲು ಶುರುಮಾಡಿದ.

ಹದಿನೈದು ದಿನವಾದ ಮೇಲೆ ಕಂಡಕ್ಟರು ಬಂದರು. ದವಡೆ ವಾಸಿಯಾಗಿತ್ತು. ಮುಖ ಮಾತ್ರ ಸಪ್ಪಗಿತ್ತು. "ನೋವು ಹೋಯ್ತು ಮೇಡಂ. ಆದ್ರೆ ಈಗ ನಾನ್ ಕೂಗಿದ್ರೆ ಪ್ಯಾಸೆಂಜರ್‌ಗಳು, ಅಜ್ಜಿ ಕೂಗ್ಲಿ ಬುಡು, ನಿಂದು ಸರಿಯಾಗ್ ಕೇಳಲ್ಲ ಅಂತಾರೆ."

"ಅಜ್ಜಿಗೆ ನೀವೇ ಹೇಳಿ ನೋಡಿ, ಇನ್ನು ಸಾಕು ಅಂತ."

"ಯೋಳ್ಬೇಕಿಲ್ಲ," ಅಂತ ಅವರು ಹೊರಗಿನ ಬೆಂಚು ತೋರಿಸಿದರು. "ಕರ್ಕೊಂಡ್ ಬಂದಿವ್ನಿ. ನಿನ್ನೆಯಿಂದ ಅವರದ್ದೂ ಕಟ್ ಕಟ್ ಅಂತೈತೆ."

ವಿಚಾರಿಸಿದರೆ ಅಜ್ಜಿಯೂ ರಾತ್ರಿ ಹಲ್ಲು ಕಡಿಯುತ್ತಿದ್ದರು. ಇಬ್ಬರೂ ಪಟ್ಟಿಗೆ ಸೇರಿದರು, ಇಪ್ಪತ್ತಾರು ಮತ್ತು ಇಪ್ಪತ್ತೇಳು.

ಸಾಕ್ಷಿ

ಇದು ಚಿಕ್ಕದು. ಅಕ್ಕೂರಿನ ಕಡೆ ಒಬ್ಬ ಯಜಮಾನರು, ಹೆಂಡತಿ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಎರಡೇ ಬೀದಿ ಆಚೆ ಇದ್ದಳು. ನಮ್ಮ ಫಾರಮ್ಮಿನಲ್ಲಿ ಪಕ್ಕದಲ್ಲಿ ಮಲಗುವವರ ಸಾಕ್ಷಿ ಬೇಕು, ಅಂದರೆ ಹೌದು, ಇವರು ಹಲ್ಲು ಕಡಿಯುತ್ತಾರೆ ಅಂತ ಯಾರಾದರೂ ಸಹಿ ಹಾಕಬೇಕು. ಯಜಮಾನರು ಯೋಚಿಸಿ, "ನನ್ ತಮ್ಮ ಅವ್ನೆ. ಆದ್ರೆ ನಮಗೂ ಅವನಿಗೂ ಮಾತಿಲ್ಲ," ಅಂದರು.

ಕಾರಣ ಕೇಳಿದೆ. ಬದುವಿನ ಮೇಲಿನ ಒಂದು ಹಲಸಿನ ಮರ. ಮಾತು ಬಿಟ್ಟು ಆರು ವರ್ಷ.

ಆ ಊರಿನ ಆಶಾ ಅಕ್ಕ ಹೋಗಿ ತಮ್ಮನನ್ನು ಕೇಳಿದರು, ಇದು ಸರ್ಕಾರಿ ಕೆಲಸದಂಥದ್ದು ಅಂತ ಒಂದು ಸುಳ್ಳನ್ನೂ ಸೇರಿಸಿದರು. ತಮ್ಮ ಚಾಪೆ ಸುತ್ತಿಕೊಂಡು ಬಂದರು. ಮೂರು ರಾತ್ರಿ ಅಣ್ಣನ ಪಕ್ಕದಲ್ಲಿ ಮಲಗಿದರು. ನಾನು ರೆಕಾರ್ಡರ್ ತಂದು ಕೇಳಿದರೆ ಮೂರು ರಾತ್ರಿಯೂ ಹಲ್ಲಿನ ಸದ್ದೇ ಇಲ್ಲ, ಬರೀ ಮಾತು. ಹಲಸಿನ ಮರದಿಂದ ಶುರುವಾಗಿ, ಚಿಕ್ಕಂದಿನಲ್ಲಿ ಅವರಪ್ಪ ಹೊಡೆದದ್ದು, ಎತ್ತು ಕೆರೆಗೆ ಬಿದ್ದದ್ದು, ಯಾರದೋ ಮದುವೆಯಲ್ಲಿ ಹೋಳಿಗೆ ಸಾಲದೆ ಹೋದದ್ದು. ಒಬ್ಬರೂ ಕಣ್ಣು ಮುಚ್ಚಿರಲಿಲ್ಲ. ನಾನು ಅದನ್ನು ಕೇಳುತ್ತ ಬಸ್ಸಿನಲ್ಲೇ ಕಣ್ಣೊರೆಸಿಕೊಂಡೆ. ಬಹಳ ಸಂತೋಷವಾಯಿತು.

ಗೈಡ್ ಮೇಡಂಗೆ ಆಗಲಿಲ್ಲ. "ಇದು ಲೆಕ್ಕಕ್ಕೆ ಬರಲ್ಲ. ತಮ್ಮನನ್ನ ಮನೆಗೆ ಕಳಿಸಿ ಇನ್ನೊಮ್ಮೆ ಮಾಡು," ಅಂದರು. ವಾಪಸ್ಸು ಹೋಗಿ ಹೇಳಿದೆ. ಅಣ್ಣ ತಲೆ ಅಲ್ಲಾಡಿಸಿದರು. "ಆಗಲ್ಲ ಮೇಡಂ. ನಾವಿನ್ನೂ ಹೋದ ವರ್ಸದ್ದು ಮಾತಾಡೋದೇ ಬಾಕಿ ಐತೆ."

ನಲವತ್ತನೆಯವರು

ಮಾರ್ಚ್ ಕೊನೆಯ ವಾರ. ಪಟ್ಟಿಯಲ್ಲಿ ಮೂವತ್ತೊಂಬತ್ತು ಜನ. ಅಮ್ಮ ಫೋನ್ ಮಾಡಿದಾಗಲೆಲ್ಲ ನಾನು ಕ್ಲಿನಿಕ್ಕಿನಲ್ಲಿದ್ದೀನಿ ಅಂತ ಸುಳ್ಳು ಹೇಳಿ ಇಡುತ್ತಿದ್ದೆ. ಅಷ್ಟರಲ್ಲಿ ಹೊಂಗನೂರಿನ ಕಡೆಯಿಂದ ಸುದ್ದಿ ಬಂತು. ಅಲ್ಲಿ ಒಬ್ಬಾಕೆ ಹತ್ತು ವರ್ಷದಿಂದ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ, ನಮ್ಮೆಜಮಾನ್ರು ರಾತ್ರಿಯೆಲ್ಲ ಹಲ್ಲು ಕಡೀತಾರೆ, ನಾನು ಕಣ್ಣು ಮುಚ್ಚಿದ್ದೇ ಇಲ್ಲ, ಅಂತ.

ಓಡಿದೆ. ಆದರೆ ಆಕೆ ನನ್ನನ್ನು ಜಗಲಿಯಲ್ಲೇ ತಡೆದರು. "ಸೆಂಟು ಹಾಕ್ಕೊಂಡಿದ್ದೀಯೇನವ್ವ? ಕೈಗೆ ಆಸ್ಪತ್ರೆ ವಾಸನೆ ಬತ್ತೈತೆ. ಮನೇಲಿ ಹುಳ ಅವೆ, ಒಳೀಕ್ ಬರಂಗಿಲ್ಲ." ರೇಷ್ಮೆ ಸಾಕುವ ಮನೆಗಳಲ್ಲಿ ಇದು ಮಾಮೂಲು. ಒಂದಿಷ್ಟು ವಾಸನೆಗೂ ಹುಳ ಮೇವು ಬಿಡುತ್ತದೆ. ನಾನು ಜಗಲಿಯಲ್ಲೇ ಯಜಮಾನರ ಬಾಯಿ ನೋಡಿದೆ. ಹಲ್ಲು ಚೆನ್ನಾಗಿಯೇ ಇದ್ದವು, ಸವೆದ ಗುರುತು ಹೆಚ್ಚೇನೂ ಕಾಣಲಿಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ನಲವತ್ತನೆಯವರು ಸಿಕ್ಕಿದ ಖುಷಿಯಲ್ಲಿ ಹಲ್ಲಿನ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡ ಹೆಂಡತಿ ಇಬ್ಬರಿಂದಲೂ ಒಪ್ಪಿಗೆ ಪಡೆದು, ರೆಕಾರ್ಡರ್ ಅವರ ಕೈಗೆ ಕೊಟ್ಟು, ಎರಡು ದಿಂಬಿನ ನಡುವೆ ಇಡಿ ಅಂತ ಹೇಳಿ ಬಂದೆ.

ಮೂರು ದಿನದ ಮೇಲೆ ಕಾಲೇಜಿನಲ್ಲಿ ಗೈಡ್ ಮೇಡಂ ಇಯರ್‌ಫೋನ್ ಹಾಕಿಕೊಂಡು ಕೇಳಿದರು. ಅವರ ಹುಬ್ಬು ಮೇಲೇರಿತು. ಮುಂದಕ್ಕೆ ಓಡಿಸಿ ಕೇಳಿದರು, ಇನ್ನೂ ಮುಂದಕ್ಕೆ ಓಡಿಸಿದರು. "ನಿಲ್ಲೋದೇ ಇಲ್ಲವಲ್ಲ," ಅಂದರು. "ಎಂಟು ಗಂಟೆ ಒಂದೇ ಸಮ ಕಡೀತಿದ್ದಾರೆ. ನನ್ನ ಸರ್ವಿಸ್‌ನಲ್ಲೇ ಇಂಥ ಕೇಸು ನೋಡಿಲ್ಲ. ನಾಳೆನೇ ಅವರನ್ನ ಕರ್ಕೊಂಡು ಬಾ." ನಾನೂ ಕೇಳಿದೆ. ಮರಮರ ಮರಮರ ಅಂತ ಒಂದೇ ಸದ್ದು. ಎಷ್ಟು ಜನ ಸೇರಿದರೆ ಇಷ್ಟು ಹಲ್ಲು ಕಡಿಯಬಹುದು ಅನ್ನಿಸಿತು, ಆದರೆ ಬಾಯಿ ಬಿಡಲಿಲ್ಲ.

ಮಾರನೇ ದಿನ ಯಜಮಾನರು ಬಿಳಿ ಅಂಗಿ, ಪಂಚೆಯಲ್ಲಿ ಬಂದರು. "ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು ಮೇಡಂ, ಬೇಗ್ನೆ ಬುಡಿ," ಅಂತ ಬರುವಾಗಲೇ ಅವಸರ ಮಾಡಿದರು. ಕುರ್ಚಿಯ ಸುತ್ತ ಆರು ಜನ ಡಾಕ್ಟರು ನಿಂತು, ಬ್ಯಾಟರಿ ಬಿಟ್ಟು ಬಾಯೊಳಗೆ ನೋಡಿದರು. ಹಲ್ಲಿಗೆ ಏನೂ ಆಗಿರಲಿಲ್ಲ. "ಇಷ್ಟು ಕಡಿದೂ ಹಲ್ಲು ಹೀಗಿದೆ ಅಂದರೆ ಇದು ಇನ್ನೂ ದೊಡ್ಡ ವಿಷಯ," ಅಂದರು ಮೇಡಂ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿನಲ್ಲಿ ಹಾಕಿದರು.

ಯಜಮಾನರು ಕಣ್ಣು ಮುಚ್ಚಿ ಕೇಳಿದರು. ಮುಖ ಅರಳಿತು. "ಇವು ನಮ್ ಹುಳ," ಅಂದರು.

ಮೇಡಂ ಸದ್ದು ಇನ್ನಷ್ಟು ಜೋರು ಮಾಡಿದರು.

"ನಾಲ್ಕನೇ ಜ್ವರ ಎದ್ದು ಮೂರ್ ದಿನ ಆಗಿತ್ತು ಮೇಡಂ ಅವಾಗ. ಕೇಳಿ, ಎಂಗ್ ಮೇಯ್ತಾ ಅವೆ." ಹುಳ ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಅನ್ನುತ್ತಾರೆ, ನಾಲ್ಕನೇ ಜ್ವರ ಎದ್ದ ಹುಳದ ಹಸಿವು ಕೇಳಲೇಬೇಡಿ. "ನಾವು ಮಲಗೋದು ಅದೇ ಹಜಾರದಲ್ಲಿ, ಆ ಗೋಡೆಗೆ ಹುಳ, ಈ ಗೋಡೆಗೆ ನಾವು. ಒಸಿ ಮುಂದಕ್ಕಾಕಿ. ಹಾಂ, ಇಲ್ಲಿ ಸೊಪ್ಪು ಮುಗೀತಾ ಬಂತು, ಸದ್ದು ಕಮ್ಮಿ ಆಯ್ತು ನೋಡಿ. ಈಗ ನಾನು ಏಳ್ತೀನಿ."

ಸ್ಪೀಕರಿನಲ್ಲಿ ಕೆಮ್ಮು ಕೇಳಿಸಿತು, ಹೆಜ್ಜೆ ಸದ್ದು, ಸೊಪ್ಪಿನ ಮಂಕರಿ ಎಳೆದ ಸದ್ದು. ಆರು ಜನ ಡಾಕ್ಟರು ಕ್ರಿಕೆಟ್ ಕಾಮೆಂಟರಿ ಕೇಳುವಂತೆ ಬಗ್ಗಿ ನಿಂತಿದ್ದರು. ಮೇಡಂ ಮಾತ್ರ ನಿಧಾನವಾಗಿ ಪಕ್ಕದ ಕುರ್ಚಿಯಲ್ಲಿ ಕೂತರು. ನನಗೆ ಅಳುವೇ ಬಂತು. ಪಟ್ಟಿ ಮತ್ತೆ ಮೂವತ್ತೊಂಬತ್ತಕ್ಕೆ ಬಂದಿತ್ತು, ತಿಂಗಳು ಮುಗಿಯಲು ಇನ್ನು ಎರಡೇ ದಿನ. ಮಾಗಡಿಯವಳಾಗಿ ರೇಷ್ಮೆ ಹುಳದ ಸದ್ದು ಗೊತ್ತಾಗಲಿಲ್ಲವಲ್ಲ ಅಂತ ನನ್ನನ್ನೇ ಬೈದುಕೊಂಡೆ.

ಯಜಮಾನರು ಕೈ ಎತ್ತಿದರು. "ತಡೀರಿ. ಇದು ಹುಳ ಅಲ್ಲ."

ಮರಮರದ ನಡುವೆ ಇನ್ನೊಂದು ಸದ್ದಿತ್ತು. ಕರ್‌ರ್, ಸ್ವಲ್ಪ ಬಿಟ್ಟು ಮತ್ತೆ ಕರ್‌ರ್. ಮೇಡಂ ಎದ್ದು ನಿಂತರು. "ಅದೇ ಹಲ್ಲು. ಅದು ನಿಮ್ಮದೇ."

"ನಂದೆಂಗಾಯ್ತದೆ ಮೇಡಂ? ನಾನು ಆ ಕಡೆ ಗೋಡೇಲಿ ಸೊಪ್ಪು ಹಾಕ್ತಾ ಇವ್ನಲ್ಲ, ಕೇಳ್ತಿಲ್ವಾ?"

"ಮನೆಯಲ್ಲಿ ಇನ್ಯಾರಿದ್ದಾರೆ?"

"ಇನ್ಯಾರು. ನಾನು, ಹುಳ, ಅವಳು."

ಹೇಳಿದ ಮೇಲೆ ಅವರಿಗೇ ಹೊಳೆಯಿತು. ಮೊದಲು ನಿಧಾನವಾಗಿ ನಗು ಬಂತು, ಹತ್ತು ವರ್ಷದಿಂದ ಹಿಡಿದಿಟ್ಟ ನಗು. ಅದು ಪೂರ್ತಿ ಬರುವುದರೊಳಗೆ ಆರಿಯೂ ಹೋಯಿತು. "ಮೇಡಂ," ಅಂದರು, ದನಿ ತಗ್ಗಿಸಿ. "ಇದನ್ನ ಅವಳಿಗೆ ನಾನ್ ಯೋಳಲ್ಲ. ನನ್ ಹೆಸರಲ್ಲೇ ಇರ್ಲಿ ಬುಡಿ. ಹತ್ತು ವರ್ಸ ಹೊತ್ತಿವ್ನಿ, ಇನ್ನೊಂದಷ್ಟು ವರ್ಸ ಹೊರ್ತೀನಿ."

ಗೈಡ್ ಮೇಡಂ ಒಪ್ಪಲಿಲ್ಲ. ಆಕೆಯ ಹಲ್ಲು ನೋಡಿ, ಆಕೆಯ ಹೆಸರಿನಲ್ಲಿ ಬೇರೆ ಫಾರಂ ತುಂಬಿಸಿ, ಆಕೆ ಸಹಿ ಹಾಕಿದರೆ ಈ ರೆಕಾರ್ಡಿಂಗನ್ನು ಆಕೆಯದೆಂದು ತೆಗೆದುಕೊಳ್ಳಬಹುದು, ಇಲ್ಲದಿದ್ದರೆ ಇಲ್ಲ, ಅಂದರು. ನನ್ನ ಒಂದು ವರ್ಷ ಆ ಒಂದು ಸಹಿಯ ಮೇಲೆ ನಿಂತಿತು.

ಮಾರನೇ ದಿನ ಸೋಪು, ಸ್ಯಾನಿಟೈಸರ್ ಏನೂ ಮುಟ್ಟದೆ ಬರೀ ನೀರಿನಲ್ಲಿ ಕೈ ತೊಳೆದು ಹೊಂಗನೂರಿಗೆ ಹೋದೆ. ಆದರೂ ಜಗಲಿಯೇ ಗತಿಯಾಯಿತು. ಆಕೆ ಎದುರಿಗೆ ಕೂತರು. ಯಜಮಾನರು ಅಂಗಳದ ಆ ತುದಿಯಲ್ಲಿ, ನಮಗೆ ಬೆನ್ನು ಮಾಡಿ, ಬಿಗಿಯಾಗಿಯೇ ಇದ್ದ ಹಗ್ಗವನ್ನು ಮತ್ತೆ ಬಿಗಿಯುತ್ತ ನಿಂತರು. ನಾನು ಹೆದರಿಕೊಂಡೇ ರೆಕಾರ್ಡಿಂಗ್ ಕೇಳಿಸಿದೆ. ಯಜಮಾನರು ಸೊಪ್ಪು ಹಾಕುವ ಸದ್ದು, ಜೊತೆಗೇ ಕರ್‌ರ್. ಆಕೆ ಎರಡು ಸಲ ಕೇಳಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ಬಾಯಿ ತೆರೆಯಿರಿ ಅಂದೆ, ತೆರೆದರು. ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು.

"ನಾನೇ ಇರ್ಬೇಕು," ಅಂದರು, ಬಹಳ ಸಮಾಧಾನದಿಂದ. ನನಗೆ ಉಸಿರು ಬಂತು. ಫಾರಂ ಮುಂದಿಟ್ಟೆ. ಆಕೆ ಏಳನೇ ಕ್ಲಾಸು ಓದಿದವರು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ಕಾರಣ ಅಂತ ಐತಲ್ಲ, ಏನ್ ಬರೀತೀಯವ್ವ?"

"ಮನಸ್ಸಿನ ಒತ್ತಡ, ನಿದ್ದೆ ಸಾಲದಿರೋದು, ಇಲ್ಲಾಂದ್ರೆ ಇತರೆ. ಯಾವುದಾದರೂ ಒಂದು ಗುರುತು ಹಾಕಬೇಕು."

ಆಕೆ ಅಂಗಳದ ತುದಿಗೆ ನೋಡಿದರು. ಯಜಮಾನರ ಕೈಯಲ್ಲಿ ಹಗ್ಗ ನಿಂತುಹೋಯಿತು.

"ಹಲ್ಲು ನಂದೇ ಕಣವ್ವ, ಇಲ್ಲ ಅನ್ನಲ್ಲ. ಕಾರಣ ಅಲ್ಲಿ ಹಗ್ಗ ಹಿಡ್ಕೊಂಡು ನಿಂತೈತೆ, ನೋಡು. ಅದನ್ನೇ ಬರ್ಕೊ. ಹತ್ತು ವರ್ಸದಿಂದ ನಾನ್ ಯೋಳ್ತಿರೋದ್ರಲ್ಲಿ ಏನೂ ತಪ್ಪಿಲ್ಲ."

ನಾನು 'ಇತರೆ' ಅನ್ನುವುದರ ಮುಂದೆ 'ಯಜಮಾನರು' ಅಂತ ಬರೆದೆ. ಆಕೆ ಅದನ್ನು ಓದಿ, ಸರಿಯಾಗಿದೆ ಅಂತ ನೋಡಿಕೊಂಡು, ಆಮೇಲೆ ಸಹಿ ಹಾಕಿದರು.